ಸಣ್ಣ ಊರಿನ ಸಭೆಯ ಇತಿಹಾಸ ಬರೆಯುವ ಬಗೆ: ಉತ್ತರ ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳವರಿಗೆ ಒಂದು ಕೈಪಿಡಿ

ನಮ್ಮ ಸಭೆಯವರು ಹಳೆಯ ಚರ್ಚಿನ ಮಾಡು ಬಿಚ್ಚಿಸಿ ಹೊಸದಾಗಿ ಹೊದಿಸಿದ ವರ್ಷ, ಕೆಳಗಿಳಿಸಿದ ಹೆಂಚುಗಳಲ್ಲಿ ಒಂದನ್ನು ಹಿರಿಯರೊಬ್ಬರು ತೊಳೆದು ಜಗಲಿಯ ಮೇಲೆ ಒಣಗಲು ಇಟ್ಟರು. ಅದರ ಅಡಿಭಾಗದಲ್ಲಿ ಬಾಸೆಲ್ ಮಿಶನ್ ಎಂಬ ಸ್ವಿಸ್ ಮಿಶನರಿ ಸಂಸ್ಥೆಯ ಹೆಂಚಿನ ಕಾರ್ಖಾನೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿತ್ತು, ಜೊತೆಗೆ 1865 ಎಂಬ ಅಂಕಿಯೂ ಮೂಡಿತ್ತು. ನಮ್ಮ ದೇವಾಲಯ 1865ರಲ್ಲಿ ಕಟ್ಟಿದ್ದು ಎಂಬ ಮಾತು ಆ ವಾರವೇ ಸಭೆಯಲ್ಲೆಲ್ಲ ಹಬ್ಬಿ, ಮುಂದೆ ಸ್ಮರಣ ಸಂಚಿಕೆಯ ಮುಖಪುಟಕ್ಕೂ ಏರಿತು. ನಿಜವಾಗಿ 1865 ಎಂಬುದು ಮಂಗಳೂರಿನಲ್ಲಿ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ. ಆಮೇಲೆ ದಶಕಗಟ್ಟಲೆ ತಯಾರಾದ ಹೆಂಚುಗಳ ಮೇಲೂ ಅದೇ ಅಂಕಿಯನ್ನು ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದ ಮೇಲೆ ಹೆಂಚಿನ ಮೇಲಿನ ಹೆಸರು ಬದಲಾಯಿತು. ಆದ್ದರಿಂದ ಹೆಂಚಿನ ಮೇಲಿರುವ ಹೆಸರು ಮಾಡಿನ ಕಾಲವನ್ನು ಸ್ಥೂಲವಾಗಿ ಹೇಳಬಹುದೇ ಹೊರತು, ಅದರ ಮೇಲಿರುವ ಅಂಕಿ ಚರ್ಚಿನ ವಯಸ್ಸನ್ನು ಎಂದಿಗೂ ಹೇಳುವುದಿಲ್ಲ. ಸಭೆಯ ಇತಿಹಾಸವನ್ನು ಬರೆಯಲು ನನ್ನನ್ನು ಕೂರಿಸಿದ್ದು ಆ ಮುಖಪುಟದ ತಪ್ಪೇ. ಕಾರವಾರದಿಂದ ಭಟ್ಕಳದವರೆಗಿನ ಊರುಗಳಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಹಳಿಯಾಳ, ದಾಂಡೇಲಿಗಳಲ್ಲಾಗಲಿ ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು, ನಾನು ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ‘ಆರಂಭ’ ಎಂದರೆ ಏನೆಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಚರ್ಚು ಎಂಬ ಒಂದೇ ಮಾತಿನಲ್ಲಿ ನಾವು ಕಟ್ಟಡವನ್ನೂ ಜನರನ್ನೂ ಕರೆಯುವುದರಿಂದ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ. ಸಭೆ ಎಂದರೆ ಜನ. ಒಂದು ಸಭೆಗೆ ಕಡಿಮೆಯೆಂದರೂ ನಾಲ್ಕು ಆರಂಭಗಳಿರುತ್ತವೆ: ಯಾರದೋ ಮನೆಯಲ್ಲೋ ಶಾಲೆಯ ಕೋಣೆಯಲ್ಲೋ ಆರಾಧನೆ ಮೊದಲಾದ ದಿನ, ಊರಿನಲ್ಲಿ ಮೊದಲ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದ ದಿನ, ಉಪದೇಶಿಯೋ (ಸ್ಥಳೀಯ ಬೋಧಕ) ಸಭಾಪಾಲಕರೋ (ಪಾಸ್ಟರ್) ಬಂದು ನೆಲೆಸಿದ ದಿನ, ಮತ್ತು ಕಟ್ಟಡದ ಪ್ರತಿಷ್ಠೆಯಾದ ದಿನ. ಇವುಗಳ ನಡುವೆ ಮೂವತ್ತು ನಲವತ್ತು ವರ್ಷಗಳ ಅಂತರವಿದ್ದರೂ ಆಶ್ಚರ್ಯವಿಲ್ಲ. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಈ ನಾಲ್ಕನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆದು, ಪ್ರತಿಯೊಂದರ ಮುಂದೆ ಯಾವ ದಾಖಲೆ ಹೀಗೆ ಹೇಳುತ್ತದೆ ಎಂಬುದನ್ನು ನಮೂದಿಸಿ. ದಾಖಲೆ ಸಿಗುವವರೆಗೆ ಆ ಸಾಲು ಖಾಲಿಯಾಗಿಯೇ ಇರಲಿ. ನೂರು ವರ್ಷ ತುಂಬಿತೆಂದು ಪೆಂಡಾಲು ಹಾಕಿಸುವ ಆತುರ ಕಮಿಟಿಗೆ ಇದ್ದೇ ಇರುತ್ತದೆ, ಆದರೆ ಆ ಆತುರ ನಿಮ್ಮದಾಗಬಾರದು.

ಎರಡನೆಯದಾಗಿ, ನಿಮ್ಮ ಸಭೆ ಯಾವ ಪರಂಪರೆಯಿಂದ ಬಂದದ್ದೆಂಬುದನ್ನು ಗುರುತಿಸಬೇಕು. ಈ ಜಿಲ್ಲೆಯ ಕ್ರೈಸ್ತರಲ್ಲಿ ಕೊಂಕಣಿ ಮಾತನಾಡುವ ಕ್ಯಾಥೋಲಿಕರೇ ಹೆಚ್ಚು. ಅವರ ಇತಿಹಾಸ ಗೋವೆಯೊಡನೆ ಹೆಣೆದುಕೊಂಡದ್ದು, ನಮ್ಮದು ಬೇರೆ ದಾರಿಯಿಂದ ಬಂದದ್ದು. ಪ್ರೊಟೆಸ್ಟೆಂಟ್ ಸಭೆಗಳಲ್ಲಿಯೂ ಎಲ್ಲವೂ ಒಂದೇ ಮೂಲದವಲ್ಲ. ಸರ್ಕಾರದ ಸಿವಿಲ್ ಸ್ಟೇಷನ್ನುಗಳಲ್ಲಿ ಇಂಗ್ಲಿಷ್ ಅಧಿಕಾರಿಗಳಿಗಾಗಿ ನಡೆದ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಆರಾಧನೆ ಒಂದು ಬಗೆಯದು. ಬಾಸೆಲ್ ಮಿಶನ್ನಿನ ಕನ್ನಡ ಸಭೆ ಇನ್ನೊಂದು ಬಗೆಯದು. ಸ್ವಾತಂತ್ರ್ಯಾನಂತರ ತಾವಾಗಿಯೇ ಹುಟ್ಟಿಕೊಂಡ ಸ್ವತಂತ್ರ ಸಭೆಗಳು ಮತ್ತೊಂದು. ರಿಜಿಸ್ಟರಿನ ತಲೆಬರಹದಲ್ಲಿ ಯಾರ ಹೆಸರು ಅಚ್ಚಾಗಿದೆ, ಜಾಗದ ಹಳೆಯ ಪತ್ರ ಯಾರ ಹೆಸರಿನಲ್ಲಿದೆ, ಹಳೆಯ ಸಂಗೀತ ಪುಸ್ತಕ ಯಾವ ಮುದ್ರಣಾಲಯದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಪರಂಪರೆ ಬಹುಮಟ್ಟಿಗೆ ತಿಳಿಯುತ್ತದೆ.

ಬಾಸೆಲ್ ಮಿಶನ್ನಿನ ಸಭೆಯಾಗಿದ್ದರೆ ಹಿನ್ನೆಲೆಯ ಕೆಲವು ಇಸವಿಗಳು ತಲೆಯಲ್ಲಿರಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು ಮಿಶನರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರ ಅಕ್ಟೋಬರ್ ತಿಂಗಳಿನಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಅವರ ಕೇಂದ್ರಗಳು ತೆರೆದವು. ನಮ್ಮ ಜಿಲ್ಲೆ ಮಂಗಳೂರು ಮತ್ತು ಧಾರವಾಡ ಕಡೆಗಳ ನಡುವೆ ಇರುವುದರಿಂದ ಇಲ್ಲಿನ ಉಪದೇಶಿಗಳು, ಶಿಕ್ಷಕರು, ಸಭಾಪಾಲಕರು ಕೆಲವೊಮ್ಮೆ ಮಂಗಳೂರಿನ ಕಡೆಯಿಂದ ಸಮುದ್ರಮಾರ್ಗವಾಗಿ, ಕೆಲವೊಮ್ಮೆ ಧಾರವಾಡದ ಕಡೆಯಿಂದ ಘಟ್ಟ ಇಳಿದು ಬಂದವರು. ಇಂದಿಗೂ ಹಳೆಯ ಮನೆತನಗಳ ನೆಂಟಸ್ತನ ಈ ಎರಡು ದಿಕ್ಕುಗಳಲ್ಲಿಯೇ ಹರಡಿಕೊಂಡಿರುವುದನ್ನು ಕಾಣಬಹುದು. 1914ರಲ್ಲಿ ಯುದ್ಧ ಆರಂಭವಾದಾಗ ಜರ್ಮನ್ ಪ್ರಜೆಗಳಾಗಿದ್ದ ಮಿಶನರಿಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು, ಹಲವರನ್ನು ಅಹಮದನಗರದ ಶಿಬಿರದಲ್ಲಿಟ್ಟು ಬಳಿಕ ದೇಶದಿಂದಾಚೆಗೆ ಕಳಿಸಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ, ಅಂದರೆ ನಾವು ಸಿಎಸ್‌ಐ ಎನ್ನುವುದು, ಸ್ಥಾಪನೆಯಾಯಿತು. ಕನ್ನಡನಾಡಿನ ಬಾಸೆಲ್ ಮಿಶನ್ ಸಭೆಗಳು ಆ ದಿನವೇ ಅದರೊಳಗೆ ಬಂದುವೆಂದು ಅನೇಕ ಸಂಚಿಕೆಗಳಲ್ಲಿ ಬರೆದಿರುವುದು ಸರಿಯಲ್ಲ. ಅವು ಸೇರಿದ್ದು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ನಿಮ್ಮ ಸಭೆ ಸೇರಿದ ದಿನವನ್ನು ನಿಮ್ಮದೇ ಸಭಾ ಕಮಿಟಿಯ ನಡವಳಿ ಪುಸ್ತಕದಲ್ಲಿ ನೋಡಿ ಬರೆಯಿರಿ. ಈಗ ಧಾರವಾಡದಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ (ಡಯಾಸಿಸ್) ನಮ್ಮ ಜಿಲ್ಲೆಯ ಸಿಎಸ್‌ಐ ಸಭೆಗಳು ಸೇರಿವೆ.

ಸರ್ಕಾರಿ ದಾಖಲೆಗಳನ್ನು ಹುಡುಕುವವರು ಜಿಲ್ಲೆಯ ಆಡಳಿತ ಎಷ್ಟು ಕೈ ಬದಲಾಯಿಸಿತೆಂಬುದನ್ನು ಮರೆಯಬಾರದು. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ, ಇಂದಿನ ಉತ್ತರ ಮತ್ತು ದಕ್ಷಿಣ ಕನ್ನಡಗಳು ಸೇರಿದ್ದ ಕೆನರಾ ಪೂರ್ತಿಯಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಉತ್ತರದ ಭಾಗವನ್ನು ಬೇರ್ಪಡಿಸಿ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು, 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. ಇದರ ಪರಿಣಾಮವೆಂದರೆ, 1850ರ ಒಂದು ಅರ್ಜಿಯನ್ನು ಹುಡುಕುವವರು ಚೆನ್ನೈಯ ಪತ್ರಾಗಾರವನ್ನೂ, 1880ರ ಅರ್ಜಿಯನ್ನು ಹುಡುಕುವವರು ಮುಂಬಯಿಯ ಪತ್ರಾಗಾರವನ್ನೂ ನೋಡಬೇಕಾಗುತ್ತದೆ. ಆಂಗ್ಲಿಕನ್ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ವಿವರದ ಪ್ರತಿಗಳು ಆಗ ಲಂಡನ್ನಿಗೆ ಹೋಗುತ್ತಿದ್ದವು. ಅವೀಗ ಬ್ರಿಟಿಷ್ ಲೈಬ್ರರಿಯಲ್ಲಿದ್ದು, ಅಲ್ಲಿಯೂ ಮದ್ರಾಸ್ ಮತ್ತು ಮುಂಬಯಿಯ ಸಾಲುಗಳು ಬೇರೆ ಬೇರೆ. ಮನೆಯಲ್ಲೇ ಕುಳಿತು ಓದಬಹುದಾದದ್ದೆಂದರೆ 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿನ 15ನೆಯ ಸಂಪುಟ. ಎರಡು ಭಾಗಗಳ ಆ ಸಂಪುಟ ಪೂರ್ತಿ ಕೆನರಾ ಜಿಲ್ಲೆಯದೇ, ಅಂದರೆ ಮುಂಬಯಿಗೆ ಸೇರಿದ್ದ ನಮ್ಮ ಜಿಲ್ಲೆಯದೇ. ಅದರಲ್ಲಿ ಕ್ರೈಸ್ತರ ಒಟ್ಟು ಸಂಖ್ಯೆ ಕಂಡೊಡನೆ ಅದನ್ನು ನಮ್ಮ ಸಭೆಯ ಲೆಕ್ಕವೆಂದು ಎತ್ತಿ ಬರೆಯಬಾರದು, ಏಕೆಂದರೆ ಅದರಲ್ಲಿ ಬಹುಪಾಲು ಕ್ಯಾಥೋಲಿಕರದು. ಊರ ಹೆಸರುಗಳನ್ನು ಹುಡುಕುವಾಗ ಹಳೆಯ ಕಾಗುಣಿತಗಳನ್ನೂ ಪ್ರಯತ್ನಿಸಬೇಕು: ಹೊನ್ನಾವರವನ್ನು ಇಂಗ್ಲಿಷರು ‘ಓನೋರ್’ ಎಂದೂ, ಕುಮಟೆಯನ್ನು ‘ಕೂಂಪ್ಟಾ’ ಎಂದೂ ಬರೆದರು, ಕಾರವಾರವನ್ನೂ ಕೆನರಾವನ್ನೂ ಒಮ್ಮೆ ‘ಸಿ’ ಅಕ್ಷರದಿಂದ, ಒಮ್ಮೆ ‘ಕೆ’ ಅಕ್ಷರದಿಂದ ಆರಂಭಿಸಿದರು.

ಬಾಸೆಲ್‌ನಲ್ಲಿ ಮಿಶನ್ನಿನ ದಾಖಲೆಗಳು ಮಿಶನ್ 21 ಎಂಬ ಸಂಸ್ಥೆಯ ಬಳಿ ಸುರಕ್ಷಿತವಾಗಿವೆ, ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿಯೇ ನೋಡಬಹುದು. ಪತ್ರಗಳು ಮಾತ್ರ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿದ್ದು, ಇಂದಿನ ಜರ್ಮನರಿಗೇ ಓದಲು ಕಷ್ಟವಾದವು. ಆ ಗೋಜಿಗೆ ಹೋಗುವ ಮೊದಲು ಇಂಗ್ಲಿಷಿನಲ್ಲಿ ಅಚ್ಚಾಗುತ್ತಿದ್ದ ವಾರ್ಷಿಕ ವರದಿಗಳನ್ನು ನೋಡುವುದು ಲೇಸು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಮಿಶನ್ನಿಗೆ ಸಂಬಂಧಿಸಿದ ಬಹಳಷ್ಟು ಕಾಗದಪತ್ರಗಳಿವೆ. ಸಭಾಪಾಲಕರ ಒಂದು ಪತ್ರವನ್ನು ಹಿಡಿದುಕೊಂಡು, ಏನು ಬೇಕೆಂದು ಮೊದಲೇ ಬರೆದು ತಿಳಿಸಿ ಹೋದರೆ ಒಂದು ದಿನದ ಕೆಲಸ ಒಂದು ದಿನದಲ್ಲಿ ಆಗುತ್ತದೆ. ವಾರ್ಷಿಕ ವರದಿಯನ್ನು ಓದುವಾಗ ಅದು ಯಾರಿಗಾಗಿ ಬರೆದದ್ದೆಂಬುದು ನೆನಪಿರಲಿ. ದೂರದ ದಾನಿಗಳ ಮನವೊಲಿಸಲು ಬರೆದ ವರದಿಯಲ್ಲಿ ಮಿಶನರಿಯೇ ನಾಯಕ, ಅವರೊಡನೆ ಮಳೆಯಲ್ಲಿ ನಡೆದು ಎರಡು ಭಾಷೆಗಳ ನಡುವೆ ಮಾತು ಸಾಗಿಸಿದ ಉಪದೇಶಿಗೆ ಅನೇಕ ಸಲ ಹೆಸರೂ ಇರುವುದಿಲ್ಲ. ಆ ಹೆಸರು ಸಿಗುವುದು ನಮ್ಮ ರಿಜಿಸ್ಟರಿನಲ್ಲಿ.

ಈ ಕೆಲಸದ ಜೀವ ಇರುವುದೇ ಆ ರಿಜಿಸ್ಟರುಗಳಲ್ಲಿ. ದೂರದ ಪತ್ರಾಗಾರಕ್ಕೆ ಹೋಗಿ ಬರಲು ಹಣವಿಲ್ಲದವರು ತಮ್ಮ ಚರ್ಚಿನ ಕಬ್ಬಿಣದ ಪೆಟ್ಟಿಗೆಯನ್ನು ಸರಿಯಾಗಿ ಓದಿದರೂ ಒಂದು ಒಳ್ಳೆಯ ಇತಿಹಾಸ ಬರೆಯಬಹುದು. ದೀಕ್ಷಾಸ್ನಾನ, ದೃಢೀಕರಣ, ಮದುವೆ, ಸಮಾಧಿ, ಇವುಗಳ ಪುಸ್ತಕಗಳು, ಕಮಿಟಿಯ ನಡವಳಿ, ಕಾಣಿಕೆಯ ಜಮಾಖರ್ಚು, ಸಂಡೇ ಸ್ಕೂಲಿನ ಹಾಜರಿ, ಎಲ್ಲವೂ ಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಇವುಗಳಿಗೆ ಎರಡು ಶತ್ರುಗಳು, ತೇವ ಮತ್ತು ಒರಲೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಪುಸ್ತಕಗಳನ್ನು ಬಿಚ್ಚದೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕೆಲಸ ಆರಂಭಿಸಿ. ಪುಟಗಳನ್ನು ಬಿಸಿಲಿಗೆ ಹರವಬಾರದು, ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟರೆ ಸಾಕು. ಸೆಲೋಟೇಪ್ ಅಂಟಿಸಬಾರದು, ಲ್ಯಾಮಿನೇಷನ್ನಂತೂ ಮಾಡಿಸಲೇಬಾರದು. ಹಿಂದಿನವರು ಒಳ್ಳೆಯ ಮನಸ್ಸಿನಿಂದಲೇ ಟೇಪು ಹಚ್ಚಿದ ನಮ್ಮ ಮದುವೆ ಪುಸ್ತಕದ ಹನ್ನೊಂದು ಪುಟಗಳಲ್ಲಿ ಈಗ ಟೇಪಿನ ಹಳದಿ ಕಲೆ ಮಾತ್ರ ಉಳಿದಿದೆ, ಅದರಡಿಯ ಅಕ್ಷರ ಹೋಗಿದೆ.

ಫೋಟೋ ತೆಗೆಯಲು ಒಳ್ಳೆಯ ಮೊಬೈಲ್ ಸಾಕು. ಬೆಳಗಿನ ಹೊತ್ತು ಉತ್ತರದ ಕಿಟಕಿಯ ಬಳಿ ಮೇಜು ಹಾಕಿ, ಫ್ಲ್ಯಾಶ್ ಬಳಸದೆ, ಖಾಲಿ ಪುಟಗಳನ್ನೂ ರಟ್ಟಿನ ಒಳಬದಿಯನ್ನೂ ಬಿಡದೆ ಕ್ರಮವಾಗಿ ತೆಗೆಯಿರಿ. ಯಾರೋ ಸಭಾಪಾಲಕರು ತಾವು ಬಂದ ದಿನ, ಹೋದ ದಿನಗಳನ್ನು ಬರೆದಿಡುವುದು ಹೆಚ್ಚಾಗಿ ರಟ್ಟಿನ ಒಳಬದಿಯಲ್ಲಿಯೇ. ಆಮೇಲೆ ವರ್ಷಕ್ಕೊಂದು ಸಾಲಿನಂತೆ ಕೋಷ್ಟಕ ಮಾಡಿ ದೀಕ್ಷಾಸ್ನಾನ ಎಷ್ಟು, ಮದುವೆ ಎಷ್ಟು, ಸಮಾಧಿ ಎಷ್ಟು, ಬರೆದ ಕೈ ಯಾರದು ಎಂಬುದನ್ನು ತುಂಬಿಸಿ. ಈ ಕೊನೆಯ ಅಂಕಣವನ್ನು ಯಾರೂ ಮಾಡುವುದಿಲ್ಲ, ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಬರವಣಿಗೆ ಒಮ್ಮೆಲೇ ಬದಲಾದ ಕಡೆ ವರ್ಗಾವಣೆಯೋ ಮರಣವೋ ಆಗಿರುತ್ತದೆ. 1914ರ ಅನಂತರದ ವರ್ಷಗಳಲ್ಲಿ ರೋಮನ್ ಲಿಪಿಯ ಓರೆ ಅಕ್ಷರಗಳು ನಿಂತು, ಕನ್ನಡದ ಗುಂಡಗಿನ ಅಕ್ಷರಗಳು ತೊಡಗಿದ್ದರೆ, ಸಭೆಯ ಹೊಣೆ ಊರಿನವರ ಹೆಗಲಿಗೆ ಬಂದ ಗಳಿಗೆಯನ್ನೇ ನೀವು ನೋಡುತ್ತಿದ್ದೀರಿ. ಸಮಾಧಿಗಳ ಸಂಖ್ಯೆ ಏರಿದ ವರ್ಷಗಳನ್ನೂ ಗಮನಿಸಿ: 1918ರ ಇನ್‌ಫ್ಲುಯೆಂಜಾ ಇರಬಹುದು. ಯಲ್ಲಾಪುರ, ಸೂಪಾ, ಹಳಿಯಾಳಗಳ ಕಡೆಯಾದರೆ ವರ್ಷ ಬಿಡದೆ ಕಾಡಿದ ಮಲೇರಿಯಾ ಇರಬಹುದು. ಆ ಭಾಗದಲ್ಲಿ 1940ರ ದಶಕದಲ್ಲಿ ಸೊಳ್ಳೆ ಕೊಲ್ಲುವ ಡಿಡಿಟಿ ಸಿಂಪಡಿಸತೊಡಗಿದ ಮೇಲೆ ಜ್ವರದ ಕಾಟ ಇಳಿಯಿತು.

ಒಂದೊಂದು ದಾಖಲೆಯನ್ನು ಎಷ್ಟು ನಿಧಾನವಾಗಿ ಓದಬೇಕೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆ ತಾಯಿ, ತಂದೆಯ ಉದ್ಯೋಗ, ಸಾಕ್ಷಿಗಳು, ಸಭಾಪಾಲಕರ ಸಹಿ, ಇಷ್ಟು ಅಂಕಣಗಳಿರುತ್ತವೆ. ನಮ್ಮ ಪುಸ್ತಕದ ಒಂದು ಸಾಲಿನಲ್ಲಿ ತಂದೆಯ ಉದ್ಯೋಗ ‘ಫಾರೆಸ್ಟ್ ಗಾರ್ಡ್’ ಎಂದಿತ್ತು. ಹುಟ್ಟಿದ ಸ್ಥಳದ ಹೆಸರು ಘಟ್ಟದ ಮೇಲಿನ ಒಂದು ಹಳ್ಳಿಯದು. ಮಗು ಹುಟ್ಟಿದ್ದು ಜೂನ್ ತಿಂಗಳಲ್ಲಿ, ದೀಕ್ಷಾಸ್ನಾನವಾದದ್ದು ಡಿಸೆಂಬರ್‌ನಲ್ಲಿ. ಮಳೆಗಾಲದಲ್ಲಿ ಘಟ್ಟ ಇಳಿಯಲಾಗದೆ ಆರು ತಿಂಗಳು ಕಾದು, ಕ್ರಿಸ್‌ಮಸ್ಸಿಗೆ ಬಂದಾಗ ಆ ತಾಯಿ ತಂದೆ ಮಗುವಿಗೆ ದೀಕ್ಷೆ ಕೊಡಿಸಿರಬೇಕು ಎಂದು ಊಹಿಸಿ, ಅದೇ ದಂಪತಿಯ ಬೇರೆ ಮಕ್ಕಳ ಸಾಲುಗಳನ್ನೂ ತೆಗೆದು ನೋಡಿದೆ. ಮೂವರಿಗೂ ದೀಕ್ಷಾಸ್ನಾನ ಡಿಸೆಂಬರ್ ಕೊನೆಯ ವಾರದಲ್ಲಿಯೇ ಆಗಿತ್ತು. ಸಾಕ್ಷಿಗಳಲ್ಲಿ ಒಬ್ಬರು ಧಾರವಾಡದವರು, ಇನ್ನೊಬ್ಬರು ಕಾರವಾರದ ಕೋಡಿಬಾಗದವರು. ಈ ಮೂರು ಸಾಲುಗಳಿಂದ ಆ ಕಾಲದ ಸಭೆಯ ವಿಸ್ತಾರ, ರಸ್ತೆಯ ಸ್ಥಿತಿ, ನೆಂಟಸ್ತನದ ಜಾಲ, ಸರ್ಕಾರಿ ನೌಕರಿಯ ಸ್ವರೂಪ ಎಲ್ಲವೂ ಗೊತ್ತಾದವು. ಮದುವೆಯ ಪುಸ್ತಕದಲ್ಲಿ ಪುಟ ಹರಿದಿದ್ದರೆ ನಿರಾಶರಾಗಬೇಕಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಚರ್ಚಿನಲ್ಲಿ ನಡೆದ ಮದುವೆಗಳ ವಿವರದ ಪ್ರತಿ ಸರ್ಕಾರಿ ನೋಂದಣಿ ಅಧಿಕಾರಿಗಳಿಗೂ ಹೋಗಬೇಕಾಗಿತ್ತು, ಆದ್ದರಿಂದ ಅಲ್ಲಿ ಕೇಳಿ ನೋಡಬಹುದು.

ಸ್ಮಶಾನದ ಕೆಲಸ ಎರಡು ಬೆಳಗಿನದು. ಸೂರ್ಯ ಏರುವ ಮೊದಲು, ಬೆಳಕು ಓರೆಯಾಗಿ ಬೀಳುವಾಗ ಸವೆದ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಮರದ ನೆರಳಿರುವ ಕಡೆ ಒಬ್ಬರು ಕನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಕಲ್ಲಿನ ಮೇಲೆ ಬೀಳಿಸಿದರೆ ಇನ್ನೊಬ್ಬರು ಓದಿ ಬರೆದುಕೊಳ್ಳಬಹುದು. ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಬಾರದು, ನಮ್ಮ ಚಿರೇಕಲ್ಲು ಆ ಉಜ್ಜುವಿಕೆಯಲ್ಲಿ ಅಕ್ಷರದ ಸಮೇತ ಉದುರುತ್ತದೆ. ನೀರು ಮತ್ತು ಹಳೆಯ ಬಟ್ಟೆ ಸಾಕು. ಹೆಸರಿಲ್ಲದ ಸಮಾಧಿಗಳನ್ನೂ ಎಣಿಸಿ ನಕ್ಷೆಯಲ್ಲಿ ಗುರುತಿಸಿ.

ಜಾಗದ ಕಾಗದಪತ್ರಗಳಿಗೆ ಸಿಟಿ ಸರ್ವೆ ಕಚೇರಿಯ ಉತಾರ (ಆಸ್ತಿ ದಾಖಲೆಯ ಪ್ರತಿ) ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರಗಳನ್ನು ತೆಗೆಸಬೇಕು. 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆಯಡಿ ಸಭೆ ನೋಂದಣಿಯಾಗಿದ್ದರೆ ಆ ಕಾಲದ ಆಸ್ತಿಪಟ್ಟಿಯೂ ಸಿಗುತ್ತದೆ. ಹಳೆಯ ಪತ್ರಗಳು ಅಕ್ಷರಗಳನ್ನು ಕೂಡಿಸಿ ವೇಗವಾಗಿ ಬರೆಯುವ ಮೋಡಿ ಬರಹದಲ್ಲಿದ್ದರೆ ಓದಬಲ್ಲ ಹಿರಿಯರನ್ನು ಹುಡುಕಿ, ಊಹೆಯಿಂದ ಓದಬೇಡಿ. ಆಸ್ತಿಯ ತಕರಾರು ನ್ಯಾಯಾಲಯದಲ್ಲಿದ್ದರೆ ಈ ಅಧ್ಯಾಯವನ್ನು ಸಭೆಯ ವಕೀಲರಿಗೆ ತೋರಿಸದೆ ಅಚ್ಚಿಗೆ ಕೊಡಬಾರದು, ಏಕೆಂದರೆ ನೀವು ಭಕ್ತಿಯಿಂದ ಬರೆದ ಒಂದು ವಾಕ್ಯವನ್ನು ನಾಳೆ ಯಾರೋ ಸಾಕ್ಷ್ಯವಾಗಿ ಹಾಜರುಪಡಿಸಿಯಾರು.

ಹಿರಿಯರ ನೆನಪುಗಳನ್ನು ಕೇಳಲು ಹೋಗುವಾಗ ಇಸವಿಯನ್ನು ಕೇಳಬೇಡಿ. ಎಂಬತ್ತು ದಾಟಿದ ಅಜ್ಜಿಗೆ ಚರ್ಚಿಗೆ ಕರೆಂಟ್ ಬಂದದ್ದು ಯಾವ ವರ್ಷ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ‘ಆಗ ನಿಮ್ಮ ಮದುವೆ ಆಗಿತ್ತೇ? ಗೋವೆಯ ಯುದ್ಧಕ್ಕೆ ಮೊದಲೋ ಆಮೇಲೋ?’ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಕಾರವಾರದವರಿಗೆ 1961ರ ಡಿಸೆಂಬರ್, ನೌಕಾಪಡೆ ಎದುರಿನ ಅಂಜದೀವಿ ದ್ವೀಪಕ್ಕೆ ಇಳಿದದ್ದು, ಮರೆಯಲಾಗದ ಗುರುತು. ಕಿರಿಯರಿಗೆ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು ಅಂಥದೇ ಗುರುತು. ಶಿರಸಿಯವರಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯನ್ನು ಹಿಡಿದು ಲೆಕ್ಕ ಹಾಕುತ್ತಾರೆ, ಸಭೆಯವರೂ ಹಾಗೆಯೇ. ಗಂಡಸರು ಹೆಚ್ಚಾಗಿ ಕಟ್ಟಡ, ಚುನಾವಣೆ, ಜಗಳಗಳ ಕಥೆ ಹೇಳುತ್ತಾರೆ. ಸುಗ್ಗಿ ಹಬ್ಬಕ್ಕೆ ಯಾರ ಮನೆಯಿಂದ ಯಾವ ಹಲಸಿನಕಾಯಿ ಬಂತು, ಲಿಲಾವಿನಲ್ಲಿ ಒಂದು ಹುಂಜವನ್ನು ಎಷ್ಟು ಸಲ ಮಾರಿ ಬೆಂಚಿಗೆ ಹಣ ಕೂಡಿಸಿದರು, ಕಾಯಿಲೆ ಬಿದ್ದ ಮನೆಗೆ ಗಂಜಿ ಹೊತ್ತು ಹೋದವರು ಯಾರು ಎಂಬುದು ಹೆಂಗಸರಿಗೆ ಗೊತ್ತು. ಆದ್ದರಿಂದ ಮಹಿಳಾ ಕೂಟದ ಹಿರಿಯರ ಬಳಿಗೆ ಮೊದಲು ಹೋಗಬೇಕೆಂಬುದು ನನ್ನ ಅಭಿಪ್ರಾಯ. ಲಿಲಾವಿನ ಆ ಹುಂಜ ಮೂರು ಸಲ ಮಾರಾಟವಾಗಿ, ಕೊನೆಗೆ ಕೊಂಡವರು ಅದನ್ನು ಸಭಾಪಾಲಕರ ಮನೆಗೇ ಬಿಟ್ಟುಹೋದದ್ದು ಜಮಾಖರ್ಚಿನ ಪುಸ್ತಕದಲ್ಲಿ ಮೂರು ಜಮೆಗಳಾಗಿ ನಮೂದಾಗಿರುವುದನ್ನು ನಾನು ಆಮೇಲೆ ಕಂಡೆ. ಬಾಯಿಮಾತು ಮತ್ತು ದಾಖಲೆ ಹೀಗೆ ಒಂದಕ್ಕೊಂದು ಸಾಕ್ಷಿ ನಿಂತ ಸಂಗತಿಗಳನ್ನು ಧೈರ್ಯವಾಗಿ ಬರೆಯಬಹುದು. ಒಂದೇ ಬಾಯಿಂದ ಕೇಳಿದ್ದನ್ನು ‘ಹಿರಿಯರು ಹೇಳುವಂತೆ’ ಎಂದು ಸೇರಿಸಿಯೇ ಬರೆಯಬೇಕು.

ಇತ್ತೀಚಿನ ಐವತ್ತು ವರ್ಷಗಳನ್ನು ಒಂದು ಪುಟದಲ್ಲಿ ಮುಗಿಸುವ ಅಭ್ಯಾಸ ನಮ್ಮವರಲ್ಲಿದೆ, ಅದು ದೊಡ್ಡ ಲೋಪ. ದಾಂಡೇಲಿಯ ಕಾಗದದ ಕಾರ್ಖಾನೆ, ಕೈಗಾದ ಅಣುವಿದ್ಯುತ್ ಸ್ಥಾವರ, ಕಾರವಾರದ ಸೀಬರ್ಡ್ ನೌಕಾನೆಲೆ, ಇವುಗಳಿಂದ ಸಭೆಗಳ ಮುಖವೇ ಬದಲಾಗಿದೆ. ಕೇರಳ, ಆಂಧ್ರ, ತಮಿಳುನಾಡುಗಳಿಂದ ಬಂದ ಕುಟುಂಬಗಳು ಸೇರಿಕೊಂಡು, ಕನ್ನಡ ಆರಾಧನೆಯ ಜೊತೆಗೆ ಇಂಗ್ಲಿಷ್ ಆರಾಧನೆ ಬೇಕೇ ಎಂಬ ಚರ್ಚೆ ನಡೆದಿದ್ದರೆ, ಆ ಚರ್ಚೆಯ ನಡವಳಿ ಮೊದಲ ಮಿಶನರಿಯ ಪತ್ರದಷ್ಟೇ ಬೆಲೆಯುಳ್ಳದ್ದು. ಹೊರಗೆ ಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹುಬ್ಬಳ್ಳಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಹೋದ ಮಕ್ಕಳ ಬಳಿ ಅಜ್ಜನ ಪೆಟ್ಟಿಗೆಯಿಂದ ಬಂದ ಫೋಟೋಗಳಿರುತ್ತವೆ. ಫೋಟೋ ಬಂದ ಕೂಡಲೇ ಅದರ ಹಿಂಬದಿಯನ್ನೂ ತೆಗೆದು ಕಳಿಸಲು ಹೇಳಿ, ಸ್ಟುಡಿಯೋದ ಮೊಹರು ಅಲ್ಲಿರುತ್ತದೆ.

ಬರೆಯಲು ಕುಳಿತಾಗ ಸಭಾಪಾಲಕರ ಪಟ್ಟಿಯನ್ನು ಅಧ್ಯಾಯಗಳ ಚೌಕಟ್ಟಾಗಿ ಮಾಡಿಕೊಳ್ಳದಿರುವುದು ಒಳ್ಳೆಯದು. ಹಾಗೆ ಮಾಡಿದರೆ ಸಭೆಯವರು ತಮ್ಮದೇ ಪುಸ್ತಕದಲ್ಲಿ ಅತಿಥಿಗಳಾಗುತ್ತಾರೆ. ಪಟ್ಟಿಯನ್ನು ಕೊನೆಯಲ್ಲಿ ಕೊಟ್ಟು, ಒಳಗೆ ಜನರ ಬದುಕನ್ನು ಹಿಡಿದು ಮುಂದುವರಿಯಿರಿ. ಏನನ್ನು ಅಚ್ಚು ಮಾಡಬಾರದು ಎಂಬುದನ್ನೂ ಮೊದಲೇ ಕಮಿಟಿಯೊಡನೆ ತೀರ್ಮಾನಿಸಬೇಕು. ಹಳೆಯ ರಿಜಿಸ್ಟರುಗಳಲ್ಲಿ ದೀಕ್ಷೆ ಪಡೆದವರ ಹಿಂದಿನ ಜಾತಿಯನ್ನು ಬರೆದಿರುವುದುಂಟು. ನಡವಳಿ ಪುಸ್ತಕಗಳಲ್ಲಿ ಯಾರನ್ನು ಯಾವ ಕಾರಣಕ್ಕಾಗಿ ಕರ್ತನ ಭೋಜನದಿಂದ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ದೂರವಿಟ್ಟರೆಂಬ ವಿವರವೂ ಇರುತ್ತದೆ. ಆ ಮನೆತನದವರು ಇಂದಿಗೂ ಎರಡನೆಯ ಸಾಲಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಶಿಸ್ತಿನ ಕ್ರಮ ಆ ಕಾಲದಲ್ಲಿ ಹೇಗೆ ನಡೆಯುತ್ತಿತ್ತೆಂಬುದನ್ನು ಹೆಸರಿಲ್ಲದೆ ಬರೆಯಲು ಸಾಧ್ಯವಿದೆ, ಹಾಗೆಯೇ ಬರೆಯಬೇಕು. ಸಭೆ ಒಡೆದ ಪ್ರಸಂಗವಿದ್ದರೆ ಮಾತ್ರ ಅದನ್ನು ಮುಚ್ಚಿಡಬೇಡಿ. ಎರಡೂ ಕಡೆಯವರಿಗೆ ಕರಡನ್ನು ಓದಲು ಕೊಟ್ಟು, ಇಸವಿ ಮತ್ತು ನಿರ್ಣಯಗಳನ್ನು ಇದ್ದಂತೆ ಬರೆದು, ದೂಷಣೆಯ ಮಾತುಗಳನ್ನು ಬಿಟ್ಟರೆ ಸಾಕು.

ಪುಸ್ತಕ ಅಚ್ಚಾಗುವ ಮೊದಲೇ ಫೋಟೋಗಳ ಪ್ರತಿಗಳನ್ನು ಕನಿಷ್ಠ ಮೂರು ಕಡೆ ಇಡಿ: ಒಂದು ಚರ್ಚಿನಲ್ಲಿ, ಒಂದು ಸಭಾಪ್ರಾಂತದ ಕಚೇರಿಯಲ್ಲಿ, ಒಂದು ಬೇರೆ ಊರಿನಲ್ಲಿರುವ ಸದಸ್ಯರ ಮನೆಯಲ್ಲಿ. ಮುದ್ರಕರಿಗೆ ಹೇಳಿ ಪುಸ್ತಕದ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆಗಳನ್ನು ಬಿಡಿಸಿ, ಒಂದು ಪ್ರತಿಯನ್ನು ಪೆನ್ಸಿಲಿನ ಸಮೇತ ಚರ್ಚಿನ ಒಳಕೋಣೆಯ ಮೇಜಿನ ಮೇಲೆ ಇಡಿ. ನಮ್ಮಲ್ಲಿ ಹಾಗೆ ಇಟ್ಟ ಪ್ರತಿಯಲ್ಲಿ ಮೊದಲ ವರ್ಷವೇ ಇಪ್ಪತ್ತಮೂರು ತಿದ್ದುಪಡಿಗಳು ಬಂದವು. ಎರಡು ಹೆಸರಿನ ಕಾಗುಣಿತ, ಒಂದು ಸಮಾಧಿಯ ಸ್ಥಳ, ಗಾಯನ ತಂಡದ ಫೋಟೋದಲ್ಲಿ ನಾವು ಗುರುತಿಸಲಾಗದೆ ಬಿಟ್ಟಿದ್ದ ಎಡಗಡೆಯ ಹುಡುಗಿ ಯಾರೆಂಬುದು. ಕೊನೆಯದನ್ನು ಬರೆದವರು ಆ ಹುಡುಗಿಯೇ, ಈಗ ಅವರಿಗೆ ಎಪ್ಪತ್ತೆರಡು ವರ್ಷ.